ಬೆಳಗಿನ ಹುಳಿ

“ಅಯ್ಯೋ, ಕೀಳಬೇಡ್ವೇ!” ಎಂದು ಕೂಗುತ್ತಾ ಅತ್ತೆ ತಾರಸಿಗೆ ಓಡಿ ಬರುವಷ್ಟರಲ್ಲಿ ಕುಂಡ ಬೋಳಾಗಿತ್ತು. ಬಸ್ ಕಂಡಕ್ಟರ್ ಸೊಸೆ, ಆರು ಗಂಟೆಯ ಡ್ಯೂಟಿಗೆ ಹೋಗುವ ಮುಂಚೆ ಅತ್ತೆಗೊಂದು ಉಪಕಾರ ಮಾಡೋಣವೆಂದು, ಯೂನಿಫಾರ್ಮಿನ ತೋಳು ಮಡಚಿ ಗೋಣಿ ಸೊಪ್ಪನ್ನೆಲ್ಲ ಕಿತ್ತು ಗುಡ್ಡೆ ಹಾಕಿದ್ದಳು.

“ಕಳೆ ಅಂದ್ಕೊಂಡೆ ಅತ್ತೆ...”

“ಕಳೆನೇ! ಆದ್ರೆ ತಿನ್ನೋ ಕಳೆ!”

ಅತ್ತೆಗೆ ಅಳುವೇ ಬಂತು. ನಾಲ್ಕು ವರ್ಷದಿಂದ ಮಗುವಿನಂತೆ ಸಾಕಿದ ಸೊಪ್ಪು ಅದು. ಹೊಲಿಗೆ ಮೆಷಿನ್ ಮುಚ್ಚಿದ ಮೇಲೆ ದಿನವೂ ಸಂಜೆ ಬಂದು ಒಂದು ಕುಡಿ ಕಿತ್ತು ಬಾಯಿಗಿಡುತ್ತಿದ್ದರು. ಮಣ್ಣು ಬದಲಿಸಿದ್ದಾಯಿತು, ನೀರು ಕಡಿಮೆ ಮಾಡಿದ್ದಾಯಿತು, ಗದರಿಸಿದ್ದೂ ಆಯಿತು. ಚಿಕ್ಕಂದಿನಲ್ಲಿ ಅಮ್ಮ ತಿನ್ನಿಸುತ್ತಿದ್ದ ಸೊಪ್ಪಿನ ಆ ಹುಳಿ ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ.

“ನೋಡು, ಹೀಗೆ ತಿನ್ನೋದು!” ಎಂದು ಗುಡ್ಡೆಯಿಂದ ಒಂದು ಕಡ್ಡಿ ಎತ್ತಿ, ಸೆರಗಿಗೆ ಒರೆಸಿ, ಸಿಟ್ಟಿನಿಂದಲೇ ಕಚ್ಚಿದರು. ಹಲ್ಲು ಜುಮ್ಮೆಂದಿತು. ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.

“ಅದೇ ಹುಳಿ... ನಮ್ಮಮ್ಮ ಕೀಳ್ತಿದ್ದಿದ್ದು ಬೆಳಬೆಳಗ್ಗೇನೇ ಕಣೇ,” ಎಂದರು ಮೆಲ್ಲಗೆ. “ಬಿಸಿಲು ಬರೋಕೆ ಮುಂಚೆ. ಬಿಸಿಲೇರಿದ್ರೆ ಹುಳಿ ಇಳಿದುಹೋಗುತ್ತೆ. ನಾನೊಬ್ಬಳು ಪೆದ್ದಿ, ದಿನಾ ಸಂಜೆ ಬಂದು ಹುಡುಕ್ತಿದ್ದೆ!”

“ಮತ್ತೆ ನೆಟ್ಟುಬಿಡ್ಲಾ ಅತ್ತೆ?”

“ಕಡ್ಡಿ ಚುಚ್ಚಿದ್ರೆ ಸಾಕು, ತಾನೇ ಬರುತ್ತೆ. ಮೊದ್ಲು ನೀನು ಬಾಯಿ ತೆಗಿ.”

ಕೆಳಗೆ ರಸ್ತೆಯಲ್ಲಿ ಸೊಸೆಯನ್ನು ಕರೆದೊಯ್ಯಲು ಬಂದ ಬಸ್ಸಿನ ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ. ಸೊಪ್ಪು ಕಚ್ಚಿದ ಸೊಸೆಯದೂ ಒಂದು ಕಣ್ಣು ಮುಚ್ಚಿಕೊಂಡಿದ್ದನ್ನು ಕಂಡು, ಅತ್ತೆ ಮಣ್ಣುಗೈಯಲ್ಲೇ ಚಪ್ಪಾಳೆ ತಟ್ಟಿದರು.