ನಾಲ್ವರಿಗೆ ಮಾತ್ರ

“ಪ್ರಿಂಟರ್ ಇಲ್ಲಿ ಅದೆ. ಸರ್ವರ್ ಒಳಗಿನ ಕೋಣೆಲಿ ಅದೆ,” ಎಂದಳು ಆಫೀಸಿನ ಟೈಪಿಸ್ಟ್ ಸುನೀತಾ.

ಚಂದನಾ ಬಾಗಿಲಲ್ಲೇ ನಿಂತಳು. ಪ್ರಿಂಟರ್ ರಿಪೇರಿಗೆ ಬಂದಿದ್ದೇನೆ ಎಂದಷ್ಟೇ ಅವಳು ಹೇಳಿದ್ದು. ಸರ್ವರಿನ ಮಾತು ಎತ್ತಿರಲೇ ಇಲ್ಲ.

ಹಾಗೆ ಹೇಳಲು ತಿಳಿಸಿದವರು ಮಾಲೀಕ ದೇವಿದಾಸರು. ಕಾರವಾರದ ಬೈತಖೋಲ ಬಂದರಿನ ಹತ್ತಿರ ಅವರ ಐಸ್ ಫ್ಯಾಕ್ಟರಿ, ಅಂಕೋಲೆಯಲ್ಲಿ ಅದರದೊಂದು ಡಿಪೋ. ಎಲ್ಲ ಸೇರಿ ಮೂವತ್ತನಾಲ್ಕು ಜನ. ಅಂಕೋಲೆ ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ಚಂದನಾಳಿಗೆ ಹಿಂದಿನ ದಿನ ಅವರೇ ಫೋನ್ ಮಾಡಿದ್ದರು.

“ಮ್ಯಾನೇಜರುಗಳ ಗುಂಪಿಗೆ ನಾ ಕಳಿಸೂ ಇಮೇಲು ಸಮಾ ಹೋಗೂದಿಲ್ಲ. ನಾಲ್ಕು ಜನರ ಗುಂಪದು. ಯಾರ್ಯಾರಿಗೆ ಮುಟ್ತದೆ ನೋಡಿ ನನಗೊಬ್ಬನಿಗೇ ಹೇಳು ತಂಗೀ. ಆಫೀಸಲ್ಲಿ ಕೇಳಿದ್ರೆ ಪ್ರಿಂಟರ್ ರಿಪೇರಿ ಅನ್ನು.”

ವಿಷಯ ಸೋರುತ್ತಿದೆ ಎಂದು ಚಂದನಾ ಅರ್ಥ ಮಾಡಿಕೊಂಡಳು. ಪಾಪ ಎನ್ನಿಸಿತು. ದೇವಿದಾಸರ ಮೆದು ಸ್ವಭಾವ ಊರಿಗೆಲ್ಲ ಗೊತ್ತು. ಯಾರಾದರೂ ತಡವಾಗಿ ಬಂದರೆ ತಾವೇ ಗಡಿಯಾರದಿಂದ ಮುಖ ತಿರುಗಿಸಿಕೊಳ್ಳುವ ಮನುಷ್ಯ. ಅಂಥವರ ಬೆನ್ನ ಹಿಂದೆ ಯಾರೋ ಆಟ ಆಡುತ್ತಿದ್ದಾರೆ.

ಆದರೆ ಆಫೀಸು ಅವಳು ಎಣಿಸಿದಂತೆ ಇರಲಿಲ್ಲ. ಇನ್ನೂ ಒಂಬತ್ತು ಹೊಡೆದಿರಲಿಲ್ಲ, ಎಲ್ಲರೂ ಕುರ್ಚಿಯಲ್ಲಿದ್ದರು. ಮೇಜುಗಳನ್ನು ಒರೆಸಿಟ್ಟಿದ್ದರು. ಅವಳು ದಾಟಿಹೋಗುವಾಗ ಒಬ್ಬೊಬ್ಬರೂ ನಕ್ಕರು. ಒಬ್ಬ ಗುಮಾಸ್ತ ಎದ್ದು ಒಳಕೋಣೆಯ ಫ್ಯಾನ್ ಕೂಡ ಹಾಕಿಕೊಟ್ಟ.

ಚಂದನಾ ಸರ್ವರಿನ ಮುಂದೆ ಕೂತು ಗುಂಪಿನ ಪಟ್ಟಿ ತೆರೆದಳು. ನಾಲ್ಕು ಹೆಸರು ಇರಬೇಕಾದ ಕಡೆ ಐದು ಸಾಲು. ನಾಲ್ಕು, ಮ್ಯಾನೇಜರುಗಳದ್ದು. ಐದನೆಯದು ಯಾರ ಹೆಸರೂ ಅಲ್ಲ, ಅದೇ ಇನ್ನೊಂದು ಗುಂಪು: ‘ಎಲ್ಲರೂ’. ಅದನ್ನು ತೆರೆದರೆ ಮೂವತ್ತೆರಡು ಹೆಸರು. ಹಬ್ಬದ ರಜೆ, ನೀರಿನ ಟ್ಯಾಂಕು ತೊಳೆಯುವ ದಿನ, ಇಂಥ ಸುದ್ದಿಗೆಂದು ಮಾಡಿದ ಗುಂಪು. ಅದನ್ನು ಯಾರೋ ಈ ಗುಂಪಿನ ಹೊಟ್ಟೆಯೊಳಗೆ ಸೇರಿಸಿದ್ದರು. ಎಂಟು ತಿಂಗಳಿಂದ, ನಾಲ್ವರಿಗೆ ಮಾತ್ರ ಎಂದು ದೇವಿದಾಸರು ಬರೆದ ಒಂದೊಂದು ಪತ್ರವೂ ಟೈಪಿಸ್ಟಿನಿಂದ ಲಾರಿ ಚಾಲಕನವರೆಗೆ ಎಲ್ಲರ ಫೋನಿಗೂ ಹೋಗಿತ್ತು.

ಕೊನೆಯ ಪತ್ರ ನಿನ್ನೆಯದು. ‘ನಾಳೆ ಅಂಕೋಲೆಯಿಂದ ಚಂದನಾ ಎಂಬ ಹುಡುಗಿ ಬರುತ್ತಾಳೆ. ಪ್ರಿಂಟರ್ ನೆಪ. ನೋಡುವುದು ಸರ್ವರ್. ಸಿಬ್ಬಂದಿಗೆ ತಿಳಿಯಬಾರದು.’

ಹಿಂದೆ ಕಪ್ಪಿನ ಸದ್ದಾಯಿತು. ಸುನೀತಾ ಚಹಾ ಹಿಡಿದು ನಿಂತಿದ್ದಳು.

“ಸಿಕ್ತೇನೆ?”

“ನಿಮಗೆಲ್ಲ ಮೊದಲಿಂದ ಗೊತ್ತಿತ್ತಾ ಅಕ್ಕಾ?”

“ಓದೂಕೆ ಬರ್ತದಲ್ಲ ನಮಗೆ.” ಸುನೀತಾ ಬಾಗಿಲು ಮುಂದೆ ಮಾಡಿ ಸ್ಟೂಲಿನ ಮೇಲೆ ಕೂತಳು. “ಮಳೆಗಾಲಕ್ಕೆ ಮೊದಲು ಒಂದು ಪತ್ರ ಬಂತು. ಅಂಕೋಲೆ ಡಿಪೋದಲ್ಲಿ ಐಸಿಗೆ ಗಿರಾಕಿ ಇಲ್ಲ, ಹೀಗೇ ಆದ್ರೆ ಮುಚ್ಚೂದೇ, ಯಾರಿಗೂ ಹೇಳಬೇಡಿ ಅಂತ. ನಮ್ಮ ಮನೆಯವರು ಗಣೇಶ ಅಲ್ಲೇ ಡ್ರೈವರು. ಮಾರನೇ ದಿನ ಬೆಳಗ್ಗೆ ಡಿಪೋದ ಏಳೂ ಜನ ಬೇಲೇಕೇರಿ ಬಂದರಿಗೆ ಹೋದ್ರು. ಬೋಟಿಂದ ಬೋಟಿಗೆ ಹತ್ತಿ ಇಳಿದು ಗಿರಾಕಿ ಹಿಡಕಂಡು ಬಂದ್ರು. ಡಿಪೋ ಉಳೀತು.”

“ಸರ್ ಏನಂದ್ರು?”

“ಏನಂತಾರೆ? ನನ್ನ ಹುಡುಗರು ಹೇಳದೇ ಕೆಲಸ ಮಾಡ್ತಾರೆ ಅಂತ ಎಲ್ಲರಿಗೂ ಕಡಬು ಹಂಚಿದ್ರು.”

ಚಂದನಾಳಿಗೆ ನಗು ತಡೆಯಲಾಗಲಿಲ್ಲ. ಸುನೀತಾ ನಗಲಿಲ್ಲ.

“ಕದ್ದು ಓದೂದು ತಪ್ಪು ಅಂತ ಗೊತ್ತದೆ. ಒಬ್ಬರೂ ಹೊರಗೆ ಬಾಯಿ ಬಿಟ್ಟಿಲ್ಲ. ಆದ್ರೆ ನೀ ಈಗ ಅದನ್ನ ತೆಗೆದ್ರೆ, ಮುಂದಿನ ಸಲ ಬಾಗಿಲು ಮುಚ್ಚಿದ ಮೇಲೇ ನಮಗೆ ತಿಳೀತದೆ.”

ಅವಳು ಎದ್ದು ಹೋದಳು.

ಚಂದನಾ ಐದನೆಯ ಸಾಲನ್ನೇ ನೋಡುತ್ತ ಕೂತಳು. ಒಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ. ಅವಳನ್ನು ಕರೆಸಿದ್ದು ಅದಕ್ಕೇ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕಾರವಾರದಲ್ಲಿ ಇನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಬೇಲೇಕೇರಿಯ ಬಿಸಿಲಲ್ಲಿ ಬೋಟುಗಳಿಗೆ ಹತ್ತಿ ಇಳಿಯುತ್ತಿದ್ದ ಆ ಏಳು ಜನ ಕಣ್ಣ ಮುಂದೆ ಬಂದರು. ಚಹಾ ಆರಿತು. ಅವಳು ಏನನ್ನೂ ಮುಟ್ಟದೆ ಪಟ್ಟಿಯನ್ನು ಮುಚ್ಚಿದಳು.

ದೇವಿದಾಸರು ತಮ್ಮ ಕೋಣೆಯಲ್ಲಿ ಕಾಯುತ್ತಿದ್ದರು. ಕನ್ನಡಕ ಹಣೆಗೇರಿತ್ತು.

“ನೋಡಿದೆಯಾ ತಂಗೀ?”

“ನೋಡಿದೆ ಸರ್. ಎಲ್ಲ ಸರಿ ಅದೆ.” ಹೊರಗೆ ಟೈಪಿಂಗ್ ಸದ್ದು ಒಮ್ಮೆಲೇ ನಿಂತದ್ದು ಅವಳಿಗೆ ಕೇಳಿಸಿತು. “ನಿಮ್ಮ ಪತ್ರ ಆ ನಾಲ್ಕು ಜನರಿಗೆ ಹೋಗ್ತದೆ. ಬೇರೆ ಒಬ್ಬರಿಗೂ ಇಲ್ಲ.”

“ಒಬ್ಬರಿಗೂ?”

“ಒಬ್ಬರಿಗೂ ಇಲ್ಲ ಸರ್. ನೀವು ನೆಮ್ಮದಿಯಿಂದ ಬರೀರಿ.”

ದೇವಿದಾಸರ ಮುಖ ಬಾಡಿತು. ಎದ್ದುಹೋಗಿ ಬಾಗಿಲು ಹಾಕಿ ಬಂದರು. ಮೇಜಿನ ಮೇಲೆ ಬಾಗಿ ಧ್ವನಿ ತಗ್ಗಿಸಿದರು.

“ಡಿಪೋಕ್ಕೆ ಹೊಸದಾಗಿ ಸೇರಿದ ನಿತೇಶ, ಬೀರಾ ಇಬ್ಬರಿಗೆ ಮಾತ್ರ ಮುಟ್ಟೂದಿಲ್ಲ ಅಂತ ತಿಳಿದಿದ್ದೆ. ತಡ ಮಾಡೋರ ಬಗ್ಗೆ ನಾ ಬರೆದ ಮೇಲೂ ಅವರಿಬ್ಬರೇ ಇನ್ನೂ ಹತ್ತು ಗಂಟೆಗೆ ಬರ್ತಾರೆ. ಅವರನ್ನೂ ಸೇರಿಸಲಿ ಅಂತ ನಿನ್ನ ಕರೆದದ್ದು. ಈಗ ನೋಡಿದ್ರೆ ಯಾರಿಗೂ ಇಲ್ಲ ಅಂತಿಯಲ್ಲ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಎದುರಿಗೆ ನಿಂತು ಹೇಳೂಕೆ ನನಗೆ ಬಾಯಿ ಬರೂದಿಲ್ಲ ಮಾರಾಯ್ತಿ. ಗುಟ್ಟು ಅಂದ್ರೆ ಎಲ್ಲರೂ ಓದ್ತಾರೆ. ಆ ‘ಎಲ್ಲರೂ’ ಗುಂಪನ್ನ ಒಳಗೆ ಹಾಕಿದ್ದು ನಾನೇ.”