ಗೂಡಿನಲ್ಲಿ ಉಳಿದ ಬ್ಯಾಟರಿ

ಶ್ಯಾಮಲ ತೀರಿಕೊಂಡ ಸುದ್ದಿ ಚಿಂತಾಮಣಿಗೆ ಮುಟ್ಟಿದಾಗ ಮುನಿಗಂಗಮ್ಮ ಅಂಗಳದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಮಂಚೇನಹಳ್ಳಿ ಕಡೆಯಿಂದ ಸಂತೆಗೆ ಬಂದಿದ್ದ ಮುನಿವೆಂಕಟಪ್ಪ ಬೀದಿಯಲ್ಲೇ ನಿಂತು ಹೇಳಿದ.

"ನಿನ್ನ ತಮ್ಮನ ಮಗಳು, ಆ ಲಂಡನ್ ನರ್ಸಮ್ಮ, ಹೋಗ್ಬಿಟ್ಲಂತೆ ಕಣಮ್ಮ. ಕತ್ತಲಲ್ಲಿ ಒಬ್ಳೇ ಹೋಗ್ತಿದ್ಲಂತೆ. ಯಾವನೋ ಕುತ್ತಿಗೆ ಹಿಸುಕಿದ್ನಂತೆ."

ಬಸ್ಸಿನಲ್ಲಿ ಯಾರೋ ಆಡಿಕೊಂಡದ್ದನ್ನು ಕೇಳಿ ಬಂದವನು ಅವನು. ಅದಕ್ಕಿಂತ ಹೆಚ್ಚು ಅವನಿಗೂ ತಿಳಿದಿರಲಿಲ್ಲ.

ಮುನಿಗಂಗಮ್ಮನ ಕಣ್ಣಲ್ಲಿ ನೀರು ಬರಲಿಲ್ಲ. ಬಾಯಲ್ಲಿ ಮಾತು ಬಂತು. "ನಾನು ಬಡ್ಕೊಂಡೆ. ಯಾರು ಕೇಳಿದ್ರು?"

ನಿಜ. ಬೆಂಗಳೂರಿನಲ್ಲಿ ನರ್ಸ್ ಕೆಲಸ ಕಲಿತ ಹುಡುಗಿಗೆ ಲಂಡನ್ನಿನಿಂದ ಕರೆ ಬಂದಾಗ ಮನೆಯವರೆಲ್ಲ ಹಿಗ್ಗಿದ್ದರು. ಅಡ್ಡ ನಿಂತವಳು ಇವಳೊಬ್ಬಳೇ. "ಆ ದೇಶದಲ್ಲಿ ಹೆಂಗಸರು ರಾತ್ರಿ ಹೊತ್ತು ಬೀದೀಲಿ ಒಬ್ಬೊಬ್ರೇ ಓಡಾಡ್ತಾರಂತೆ. ಮಗೂನ ಹುಲಿ ಬಾಯಿಗೆ ಕಳಿಸ್ತೀರೇನ್ರೋ?"

"ಅತ್ತೆ, ಅಲ್ಲಿ ಬೀದಿ ತುಂಬ ದೀಪ ಇರ್ತಾವೆ," ಎಂದು ಶ್ಯಾಮಲ ನಕ್ಕಿದ್ದಳು.

"ದೀಪ ಇದ್ರೆ ಹುಲಿಗೆ ಇನ್ನೂ ಚೆನ್ನಾಗಿ ಕಾಣ್ತೀಯ ಬಿಡು."

ಬೆಳಕಿನ ವಿಷಯದಲ್ಲಿ ಮುನಿಗಂಗಮ್ಮ ಮೊದಲಿಂದಲೂ ಕಟ್ಟುನಿಟ್ಟು. ಶ್ಯಾಮಲ ಲಂಗ ಉಡುವ ವಯಸ್ಸಿನಲ್ಲಿ, ಬೆಳಗಿನ ಜಾವ ಹೆಂಗಸರ ಜೊತೆ ಕೆರೆಯ ಕಡೆ ಹೊರಟಾಗ, ಹೆದರಿ ಲಾಟೀನು ಹಿಡಿದುಕೊಂಡಿದ್ದಳು. ಮುನಿಗಂಗಮ್ಮ ಅದನ್ನು ಉಫ್ ಎಂದು ಆರಿಸಿದ್ದಳು. "ಚೊಂಬು ಹಿಡ್ದೋಳು ದೀಪ ಹಿಡೀಬಾರ್ದು ಕಣೇ. ನಾಲ್ಕು ಜನ ನೋಡ್ತಾರೆ. ಹೆಣ್ಣಿನ ಮಾನಕ್ಕೆ ಕತ್ತಲೇ ಸೆರಗು." ಆ ಮಗು ಮತ್ತೆಂದೂ ದೀಪ ಮುಟ್ಟಲಿಲ್ಲ.

ಲಂಡನ್ನಿನಿಂದ ಅವಳು ಬರೆಯುತ್ತಿದ್ದ ಕಾಗದಗಳಲ್ಲೂ ಅದೇ ತಮಾಷೆ. 'ಅತ್ತೆ, ರಾತ್ರಿ ಕೆಲಸ ಮುಗಿಸಿ ಒಬ್ಬಳೇ ನಡೆದು ಬರುತ್ತೇನೆ. ಒಮ್ಮೆ ಕುಡುಕನೊಬ್ಬ ಹಿಂದೆ ಬಿದ್ದ. ದೀಪ ಉರಿಯುತ್ತಿದ್ದ ಅಂಗಡಿಗೆ ನುಗ್ಗಿದೆ, ಓಡಿಹೋದ. ನಿಮ್ಮ ಹುಲಿ ಇನ್ನೂ ಸಿಕ್ಕಿಲ್ಲ.'

ಸಿಕ್ಕಿತಲ್ಲ ಈಗ, ಎಂದುಕೊಂಡಳು ಮುನಿಗಂಗಮ್ಮ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದಳು. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿದ್ದು ಒಂದೇ ಮಾತು. "ಹೆಣ್ಮಕ್ಕಳನ್ನ ಹೊರದೇಶಕ್ಕೆ ಕಳಿಸ್ಬೇಡ್ರಮ್ಮ. ನಮ್ಮ ಗತಿ ನೋಡಿ." ಒಬ್ಬ ತಾಯಿ ತನ್ನ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ತಮ್ಮನ ಊರು ತಲುಪುವಾಗ ಹೊತ್ತು ಮುಳುಗಿತ್ತು. ನಡುಮನೆಯಲ್ಲಿ ಒಂದು ಹಣತೆ ಉರಿಯುತ್ತಿತ್ತು. ತಮ್ಮ ನರಸಿಂಹಪ್ಪ ಇರಲಿಲ್ಲ. ಯಾವುದೋ ಕಾಗದಕ್ಕೆ ರುಜು ಹಾಕಲು ಗೌರಿಬಿದನೂರಿಗೆ ಹೋಗಿದ್ದ. ಅವನ ಹೆಂಡತಿ ವರಲಕ್ಷ್ಮಮ್ಮ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದ ಮನೆಯ ಕೊಂಡಮ್ಮ ಅವಳ ಕೈ ಹಿಡಿದಿದ್ದಳು.

"ಅಯ್ಯೋ ದೇವುಡಾ! ಕೊನೇಗೆ ಮುಖಾನೂ ನೋಡಕ್ಕಾಗಲಿಲ್ಲವಲ್ಲೇ ನನಗೆ!" ಎಂದು ಮುನಿಗಂಗಮ್ಮ ಹೊಸ್ತಿಲಲ್ಲೇ ಗೋಳಾಡಿದಳು.

"ನೋಡ್ದೇ ಇದ್ದಿದ್ದೇ ಒಳ್ಳೇದಾಯ್ತು ಅತ್ತಿಗೆ," ಎಂದಳು ವರಲಕ್ಷ್ಮಮ್ಮ.

"ಆ ಹಾಳು ದೇಶದವರು..."

"ಹಂಗಲ್ಲ ಗಂಗಕ್ಕ," ಎಂದು ಕೊಂಡಮ್ಮ ಬಾಯಿ ತೆರೆದಳು.

"ನೀನು ಸುಮ್ನಿರೇ. ನನ್ನ ಹೊಟ್ಟೆ ಉರಿ ನನಗೆ. ನಮ್ಮೂರಲ್ಲೇ ಇದ್ದಿದ್ರೆ ಅವಳ ಕೂದಲು ಕೊಂಕ್ತಿತ್ತೇನೇ?"

ಕೊಂಡಮ್ಮ ಎದ್ದು ಬಾಗಿಲ ಬಳಿ ಹೋಗಿ, ಬೆನ್ನು ಮಾಡಿ ನಿಂತಳು.

ಮುನಿಗಂಗಮ್ಮ ಅತ್ತಿತ್ತ ನೋಡಿದಳು. ಗೋಡೆಯ ಗೂಡಿನಲ್ಲಿ ಒಂದು ಬ್ಯಾಟರಿ ದೀಪ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಈ ಸೀಮೆಯದಲ್ಲ.

"ಅದು ನಿಮಗೆ ಅತ್ತಿಗೆ," ಎಂದಳು ವರಲಕ್ಷ್ಮಮ್ಮ. "ಅತ್ತೆ ಇನ್ನು ಹುಲಿಗೆ ಹೆದರೋದು ಬೇಡ ಅಂತ ನಗ್ತಿದ್ಲು."

ಪಾರ್ಸಲ್ಲಿನಲ್ಲಿ ಕಳಿಸಿರಬೇಕು ಎಂದುಕೊಂಡು ಮುನಿಗಂಗಮ್ಮ ಅದನ್ನು ಎದೆಗೆ ಒತ್ತಿಕೊಂಡಳು. ಆಗ ಅಳು ಬಂತು. ಮನಸಾರೆ ಅತ್ತಳು. ಅತ್ತು ಸುಸ್ತಾಗಿ, ಮುಖ ಒರೆಸಿಕೊಂಡು, ಬ್ಯಾಟರಿಯನ್ನು ಮತ್ತೆ ಗೂಡಿನಲ್ಲಿಟ್ಟಳು.

ಹೊರಗೆ ಪೂರ್ತಿ ಕತ್ತಲಾಗಿತ್ತು. ಊರಿನ ಹೆಂಗಸರು ಮನೆಯಿಂದ ಹೊರಬೀಳುವ ಹೊತ್ತು.

"ಏಳೇ ವರಲಕ್ಷ್ಮಿ. ಬಸ್ಸಲ್ಲಿ ಕೂತು ಕೂತು ಸಾಕಾಯ್ತು. ಕೆರೆ ಕಡೆ ಹೋಗ್ಬರಣ."

"ಆ ಬ್ಯಾಟರಿ ತಗೊಳ್ಳಿ ಅತ್ತಿಗೆ."

"ಥೂ! ಅಲ್ಲಿಗೆ ಯಾರಾದ್ರೂ ಬೆಳಕು ಹಿಡ್ಕೊಂಡು ಹೋಗ್ತಾರೇನೇ?"

ವರಲಕ್ಷ್ಮಮ್ಮ ಅವಳ ಮುಖವನ್ನೇ ನೋಡಿದಳು. "ಅವಳೂ ಅದನ್ನೇ ಅಂದ್ಲು. ಅತ್ತೆಗೆ ಗೊತ್ತಾದ್ರೆ ಬೈತಾರೆ ಅಂತ ಗೂಡಲ್ಲೇ ಇಟ್ಟು ಹೋದ್ಲು."

"ಯಾವಾಗ್ಲೇ?"

"ಮೊನ್ನೆ ಬೆಳಗಿನ ಜಾವ. ನಮ್ಮನ್ನೆಲ್ಲ ಬೆರಗು ಮಾಡ್ಬೇಕು ಅಂತ ಹಿಂದಿನ ಸಂಜೆ ತಾನೆ ಹೇಳ್ದೆ ಕೇಳ್ದೆ ಬಂದು ಇಳಿದಿದ್ಲು. ಭಾನುವಾರ ನಿಮ್ಮಲ್ಲಿಗೆ ಬರೋಳಿದ್ಲು."

ಮುನಿಗಂಗಮ್ಮನ ಕೈ ಚೊಂಬಿಡುವ ಮೂಲೆಯನ್ನು ತಡಕಾಡುತ್ತಿತ್ತು. ಮೂಲೆ ಬರಿದಾಗಿತ್ತು.

"ಚೊಂಬಿಲ್ಲ ಅತ್ತಿಗೆ. ಕೆರೆ ಏರಿ ಮೇಲೆ ಅವಳ ಪಕ್ಕದಲ್ಲಿ ಬಿದ್ದಿತ್ತು. ಪೊಲೀಸಿನವರು ತಗೊಂಡು ಹೋದ್ರು."

ಹೊರಗೆ ಬೀದಿಯಲ್ಲಿ ಬಳೆಗಳ ಸದ್ದು. ಹೆಂಗಸರು ಕೆರೆಯ ಕಡೆ ಹೊರಟಿದ್ದರು. ಯಾರ ಕೈಯಲ್ಲೂ ದೀಪವಿರಲಿಲ್ಲ.

ಮುನಿಗಂಗಮ್ಮ ಗೂಡಿನ ಕೆಳಗೆ ಕುಸಿದು ಕೂತು ಕೈ ಮುಗಿದಳು. "ಆಲಂಬಗಿರಿ ವೆಂಕಟರಮಣಾ, ನನ್ನ ಕೂಸು ಈಗ ಒಬ್ಬಳೇ ಹೊರಟಿದ್ದಾಳೆ. ಆ ದಾರೀಲಾದ್ರೂ ಅವಳಿಗೊಂದು ದೀಪ ಇಡಪ್ಪಾ. ಅವಳ ಆತ್ಮಕ್ಕೆ ಶಾಂತಿ ಕೊಡು."