ಹಿಂಬದಿ ಡೆಕ್ಕಿನ ಹೊಗೆ

ಸೇದುವವರ ಮನಸ್ಸಿನಲ್ಲಿದ್ದದ್ದೇ ಹೊಗೆಯಲ್ಲಿ ಆಕಾರ ತಾಳತೊಡಗಿದ ಮೇಲೆ, ಐಷಾರಾಮಿ ಹಡಗುಗಳಲ್ಲಿ ಸಿಗರೇಟಿಗೆ ಹಿಂಬದಿ ಡೆಕ್ಕಿನ ಒಂದು ಮೂಲೆ ಮಾತ್ರ ಉಳಿದಿತ್ತು. ಅಲ್ಲಿ ಯಾರದೋ ಮೇಲಧಿಕಾರಿ, ಯಾರದೋ ನಾಯಿ, ಯಾರದೋ ಬಿರಿಯಾನಿ ತಟ್ಟೆ ಗಾಳಿಯಲ್ಲಿ ತೇಲುತ್ತಿದ್ದವು.

ಮಂಗಳೂರಿನಿಂದ ಹೊರಟ ಹಡಗಿನಲ್ಲಿ ಒಂದು ಸಂಜೆ, ನಿವೃತ್ತ ಸಂಗೀತ ಟೀಚರ್ ಸುಗಂಧಿ ಸಿಟ್ಟಿನಿಂದ ಆ ಮೂಲೆಗೆ ಬಂದರು. ಅವರ ಕ್ಯಾಬಿನ್ನಿನ ಕಿಟಕಿಯಿಂದ ಅವರದೇ ಮುಖದ ಹೊಗೆ ಒಳಗೆ ನುಗ್ಗಿತ್ತು.

ಅಲ್ಲಿದ್ದವರು ವಾಲ್ಟರ್ ಪಿಂಟೊ ಒಬ್ಬರೇ. ದಿನವೂ ಊಟಕ್ಕೆ ಸುಗಂಧಿಯವರ ಪಕ್ಕದಲ್ಲೇ ಕೂತು ಒಂದು ಮಾತೂ ಆಡದ ವಿಧುರ. ಅವರ ತಲೆಯ ಮೇಲೆ ಹೊಗೆಯ ಸುಗಂಧಿ ನಗುತ್ತಿದ್ದಳು.

"ಇದು ನಾನಾ?"

ಪಿಂಟೊ ಗಾಬರಿಯಿಂದ ಕೈಬೀಸಿದರು. ಹೊಗೆ ಇನ್ನೂ ಅಗಲವಾಗಿ ನಕ್ಕಿತು.

"ತಪ್ಪಾಯ್ತು ಟೀಚರ್. ಬಾಯಿಬಿಟ್ಟು ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

ಸುಗಂಧಿ ತಲೆಯೆತ್ತಿ ನೋಡಿದರು. ತಾನು ಇಷ್ಟು ಚೆಂದ ಇದ್ದೇನೆಂದು ಅವರಿಗೆ ಗೊತ್ತೇ ಇರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಕುರ್ಚಿ ಎಳೆದುಕೊಂಡು ಕೂತರು.

"ಹೊಗೆ ನಂಗೆ ಆಗುದಿಲ್ಲ ಮಾರಾಯ್ರೆ, ಕೆಮ್ಮು ಬರ್ತದೆ. ಬಾಯಲ್ಲೇ ಹೇಳಿ."

ಪಿಂಟೊ ಸಿಗರೇಟು ಆರಿಸಿ, ಪ್ಯಾಕೆಟ್ಟನ್ನೂ ಕಸದ ಡಬ್ಬಿಗೆ ಹಾಕಿದರು. ಗಂಟಲು ಸರಿಮಾಡಿಕೊಂಡು, ತೊದಲುತ್ತಲೇ ಶುರುಮಾಡಿದರು. ಊಟದ ಗಂಟೆ ಹೊಡೆದು ಎಷ್ಟೋ ಹೊತ್ತಾದರೂ ಅವರ ಮಾತು ಮುಗಿದಿರಲಿಲ್ಲ, ಸುಗಂಧಿ ಎದ್ದಿರಲಿಲ್ಲ.